ಅಡುಗೆಮನೆಗೆ ಸಾಕಾಗುವಷ್ಟು ವೆನಿಲ್ಲಾ

ಲೋಣಾವಳಾದಲ್ಲಿ ಮನೆ ಮಾಡಿಕೊಂಡಿರುವ ಕನ್ನಡದ ಗೆಳೆಯರೇ, ಊರಿಂದ ವೆನಿಲ್ಲಾ ಬಳ್ಳಿ ತಂದು ನೆಡುವ ಆಸೆಯಿದ್ದರೆ ಖಂಡಿತ ನೆಡಿ. 2000ದ ಆಸುಪಾಸಿನಲ್ಲಿ ಮಲೆನಾಡು, ಕರಾವಳಿಯ ಕೃಷಿಕರು ಬೆಲೆ ನಂಬಿ ನೆಟ್ಟರು. ಬೆಲೆ ಕುಸಿದಾಗ ಎಷ್ಟೋ ತೋಟಗಳಲ್ಲಿ ಬಳ್ಳಿ ಅನಾಥವಾಯಿತು. ಮನೆಬಳಕೆಗೆ ಬೆಳೆಯುವವರಿಗೆ ಆ ಭಯವಿಲ್ಲ.

ಇಲ್ಲಿನ ಸವಾಲು ಘಟ್ಟದ ಮಳೆ. ನೀರು ನಿಂತರೆ ಬೇರು ಕೊಳೆಯುತ್ತದೆ. ಏರುಮಡಿ ಮಾಡಿ ತರಗೆಲೆ ಹೊದಿಸಿ. ಅರೆನೆರಳಿರಲಿ, ಚಳಿಗಾಲಕ್ಕೆ ಗೋಡೆಯ ಮರೆಯಿರಲಿ. ಗ್ಲಿರಿಸಿಡಿಯಾ ಗಿಡಕ್ಕೆ ಹಬ್ಬಿಸಿ, ಕೈಗೆಟಕುವ ಎತ್ತರದಲ್ಲೇ ಬಳ್ಳಿಯನ್ನು ಬಗ್ಗಿಸಿ ಇಳಿಬಿಡಿ.

ಹೂವಿಗೆ ಸುಮಾರು ಮೂರು ವರ್ಷ ಕಾಯಬೇಕು. ಹೂ ಅರಳುವುದು ಒಂದೇ ಬೆಳಗು. ಮಧ್ಯಾಹ್ನದೊಳಗೆ ಪರಾಗಸ್ಪರ್ಶ ಮುಗಿಯಲೇಬೇಕು. ಚೂಪು ಕಡ್ಡಿಯಿಂದ ನಡುವಿನ ಪೊರೆಯನ್ನೆತ್ತಿ, ಪರಾಗವನ್ನು ಶಲಾಕಾಗ್ರಕ್ಕೆ ಮೆಲ್ಲಗೆ ಒತ್ತಿ. 1841ರಲ್ಲಿ ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಹುಡುಗ ಕಂಡುಕೊಂಡ ಉಪಾಯವಿದು. ಜಗತ್ತು ಇಂದಿಗೂ ಅವನ ಕೈಚಳಕವನ್ನೇ ನೆಚ್ಚಿಕೊಂಡಿದೆ. ಮಕ್ಕಳಿಗೆ ಈ ಕೆಲಸ ಕಲಿಸುವಾಗ ಅವನ ಹೆಸರನ್ನೂ ಹೇಳಿ. ಗೊಂಚಲಿಗೆ ಹತ್ತು ಹೂ ಸಾಕು, ಹೆಚ್ಚಾದರೆ ಬಳ್ಳಿ ಸೊರಗುತ್ತದೆ.

ಕಾಯಿ ಬಲಿಯಲು ಒಂಬತ್ತು ತಿಂಗಳು. ತುದಿ ಹಳದಿಗೆ ತಿರುಗಿದಾಗ ಕೊಯ್ಯಿರಿ. ಎಳೆಯದಕ್ಕೆ ಪರಿಮಳ ಬಾರದು, ತಡವಾದರೆ ಕಾಯಿ ಸೀಳುತ್ತದೆ. ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 3 ನಿಮಿಷ ಅದ್ದಿ ಕಂಬಳಿಯಲ್ಲಿ ಸುತ್ತಿಡಿ. ಬಳಿಕ ಒಂದೆರಡು ವಾರ ಹಗಲು ಕೆಲಹೊತ್ತು ಬಿಸಿಲು, ರಾತ್ರಿ ಕಂಬಳಿ. ಬೆರಳಿಗೆ ಸುತ್ತುವಷ್ಟು ಮೆತ್ತಗಾದ ಕಂದುಕಾಯಿಯನ್ನು ನೆರಳಲ್ಲಿ ಆರಿಸಿ, ಡಬ್ಬಿಯಲ್ಲಿ ಎರಡು ಮೂರು ತಿಂಗಳು ಮುಚ್ಚಿಡಿ. ಆಗಾಗ ತೆರೆದು ನೋಡಿ. ಬೂಷ್ಟು ಹಿಡಿದದ್ದನ್ನು ಕೂಡಲೇ ಬೇರೆ ಮಾಡಿ.