ಕೆರೆಯ ದಡದಲ್ಲಿ ಹತ್ತು ನಿಮಿಷ

ರಜಾದಿನಗಳಲ್ಲಿ ದಾವಣಗೆರೆ, ಹರಿಹರಗಳಿಂದ ಅನೇಕರು ಕೊಂಡಜ್ಜಿ ಕೆರೆಗೆ ಬಂದು, ಕ್ಷಣಕಾಲ ನಿಂತು ಹೋಗುವುದುಂಟು. ಅಷ್ಟರಿಂದ ಅಲ್ಲಿನ ಹಕ್ಕಿಗಳಿಗೆ ಬಾಧೆಯೇನು?

ದಡದಲ್ಲಿ ಮೀನಿಗಾಗಿ ಹೊಂಚುವ ಬೆಳ್ಳಕ್ಕಿಯನ್ನು ಗಮನಿಸಿರಿ. ನಾವು ಸಮೀಪಿಸಿದಂತೆ ಅದು ಬೇಟೆಯನ್ನು ಬಿಟ್ಟು ಕೊರಳೆತ್ತಿ ನೋಡುತ್ತದೆ. ಇನ್ನೂ ಮುಂದುವರಿದರೆ ಹಾರಿಹೋಗುತ್ತದೆ. ಹಾರುವಾಗ ನಮಗೂ ಅದಕ್ಕೂ ಇರುವ ಅಂತರವೇ ‘ಪಲಾಯನ ದೂರ’. ಜನಸಂಚಾರಕ್ಕೆ ಒಗ್ಗಿದ ಹಕ್ಕಿಗಳಲ್ಲಿ ಇದು ಸಾಮಾನ್ಯವಾಗಿ ಕಡಿಮೆ.

ಹಾರಾಟಕ್ಕೆ ವಿಶ್ರಾಂತಿಗಿಂತ ಹಲವು ಮಡಿ ಶಕ್ತಿ ಬೇಕು. ಆಹಾರ ದೊರೆಯುವ ಹೊತ್ತೂ ನಷ್ಟವಾಗುತ್ತದೆ. ಒಮ್ಮೆ ಎದ್ದ ಹಕ್ಕಿ ಮರಳಿ ಬೇಟೆಗಿಳಿಯಲು 5 ನಿಮಿಷ ಹಿಡಿಯಿತೆಂದು ಭಾವಿಸೋಣ. 10 ನಿಮಿಷಗಳಿಗೊಮ್ಮೆ ಹೊಸ ತಂಡ ಬಂದರೆ ಗಂಟೆಯಲ್ಲಿ 30 ನಿಮಿಷ ವ್ಯರ್ಥ! ಒಬ್ಬೊಬ್ಬರ ಪಾಲು ಅಲ್ಪ. ಒಟ್ಟು ಹೊರೆ ದೊಡ್ಡದು. ಮರುಪಯಣಕ್ಕಾಗಿ ಮೈಯಲ್ಲಿ ಕೊಬ್ಬನ್ನು ಕೂಡಿಡಬೇಕಾದ ವಲಸೆ ಹಕ್ಕಿಗಳಿಗಂತೂ ಈ ನಷ್ಟ ಇನ್ನೂ ಕಠಿನ.

ಮುಂದಿನ ಸಲ ನೀವೇ ಪರೀಕ್ಷಿಸಿರಿ. ದೂರದಿಂದ ಮೆಲ್ಲನೆ ನಡೆಯಿರಿ. ಹಕ್ಕಿ ಕೊರಳೆತ್ತಿದೊಡನೆ ನಿಲ್ಲಿರಿ. ಉಳಿದ ಅಂತರವನ್ನು ಹೆಜ್ಜೆಗಳಲ್ಲಿ ಅಂದಾಜುಮಾಡಿ ಬರೆದುಕೊಳ್ಳಿರಿ. ಬಳಿಕ ಎರಡು ಹೆಜ್ಜೆ ಹಿಂದೆ ಸರಿದು ಕುಳಿತುಬಿಡಿರಿ. ಹಕ್ಕಿ ತಲೆ ತಗ್ಗಿಸಿ ತನ್ನ ಕೆಲಸಕ್ಕೆ ಮರಳಿತೆ? ಹಾಗಾದರೆ ನೀವು ಕುಳಿತ ಸ್ಥಳ ಸರಿಯಾಗಿದೆ.