ಅಡುಗೆಮನೆಯ ಬದನೆ, ಬೇಲಿಯ ದತ್ತೂರ

ಬದನೆ, ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ ಇವು ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ವಿಷಕಾರಿಯಾದ ದತ್ತೂರವೂ ಇದೇ ಕುಟುಂಬದ್ದು. ಕನ್ನಡಿಗರು ಸಾರು, ಪಲ್ಯಗಳಿಗೆ ಬಳಸುವ ಗಣಿಕೆ ಸೊಪ್ಪು ಸಹ ಇದರದೇ ಬಳಗ. ಚೆನ್ನೈಯಲ್ಲಿ ಅದು ಮಣತ್ತಕ್ಕಾಳಿ, ದೆಹಲಿಯಲ್ಲಿ ಮಕೋಯ್. ಗಣಿಕೆಯ ಕಳಿತ ಕಪ್ಪು ಹಣ್ಣನ್ನು ತಿನ್ನುವುದುಂಟು. ಆದರೆ ಹಸಿರು ಕಾಯಿಯಲ್ಲಿ ಸೊಲಾನಿನ್ ಎಂಬ ವಿಷವಸ್ತುವಿರುವುದರಿಂದ ಮಕ್ಕಳು ಅದನ್ನು ತಿನ್ನದಂತೆ ನೋಡಿಕೊಳ್ಳಬೇಕು. ಬೆಳಕು ತಗುಲಿ ಹಸಿರಾದ ಆಲೂಗಡ್ಡೆಯಲ್ಲಿಯೂ ಇದೇ ವಿಷ ಹೆಚ್ಚುತ್ತದೆ. ಬೇಯಿಸಿದ ಮಾತ್ರಕ್ಕೆ ನಾಶವಾಗುವುದಿಲ್ಲ. ಗಡ್ಡೆ ಕಹಿಯೆನಿಸಿದರೆ ಬಿಸುಡುವುದೇ ಲೇಸು.

ದತ್ತೂರ ಇವೆಲ್ಲಕ್ಕಿಂತ ಅಪಾಯಕಾರಿ. ಶಿವಪೂಜೆಗೆ ಸಲ್ಲುವ ಈ ಗಿಡದ ಎಲ್ಲ ಭಾಗಗಳೂ ವಿಷಮಯ. ಇದರ ಬೀಜವನ್ನು ಒಣಮೆಣಸಿನಕಾಯಿಯ ಬೀಜವೆಂದು ಭ್ರಮಿಸುವುದು ಸುಲಭ. ಮೆಣಸಿನಕಾಯಿಯ ಬೀಜ ತೆಳು, ನುಣುಪು. ದತ್ತೂರದ್ದು ದಪ್ಪ, ಮೈಮೇಲೆ ಸಣ್ಣ ಕುಳಿಗಳುಂಟು. (ರುಚಿ ನೋಡಿ ಪರೀಕ್ಷಿಸುವುದು ಸಲ್ಲದು.) ಇದನ್ನು ತಿಂದವರ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಮೈ ಬಿಸಿಯೇರುತ್ತದೆ, ಬಳಿಕ ಅಸಂಬದ್ಧ ಮಾತು, ಚಿತ್ತಭ್ರಮೆ ತಲೆದೋರುತ್ತವೆ. ಇದನ್ನು ಹುಚ್ಚೆಂದೋ ಗಾಳಿ ಸೋಂಕಿತೆಂದೋ ಬಗೆದು ಕಾಲಹರಣ ಮಾಡದೆ, ತಿಂದುಳಿದ ಕಾಯಿ ಅಥವಾ ಬೀಜದೊಂದಿಗೆ ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.