ಲಕ್ಷಣವೂ ಲಕ್ಷ್ಯವೂ

ಶಾಸ್ತ್ರಾಭ್ಯಾಸಕ್ಕೆ ತೊಡಗುವ ವಿದ್ಯಾರ್ಥಿಗೆ ಮೊದಲಿಗೇ ಎದುರಾಗುವುದು ಲಕ್ಷಣವೆಂಬ ಮಾತು. ಲಕ್ಷ್ಯವಾದ ವಸ್ತುವಿನಲ್ಲೆಲ್ಲ ಇದ್ದು, ಅನ್ಯತ್ರ ಎಲ್ಲಿಯೂ ಇರದ ಧರ್ಮವೇ ಲಕ್ಷಣ. ಶ್ರೀಮಟ್ಟೀಕಾಕೃತ್ಪಾದರು ‘ಪ್ರಮಾಣಪದ್ಧತಿ’ಯ ಆರಂಭದಲ್ಲಿಯೇ ಇದನ್ನು ನಿರೂಪಿಸಿದ್ದಾರೆ. ಕಪಿಲವರ್ಣವೇ ಗೋವಿನ ಲಕ್ಷಣವೆಂದರೆ ಬಿಳಿಯ ಹಸು ಹೊರಗುಳಿಯುವುದು, ಇದು ಅವ್ಯಾಪ್ತಿ. ಕೊಂಬುಳ್ಳದ್ದೇ ಗೋವು ಎಂದರೆ ಎಮ್ಮೆಯೂ ಒಳಬರುವುದು, ಇದು ಅತಿವ್ಯಾಪ್ತಿ. ಒಂಟಿ ಗೊರಸುಳ್ಳದ್ದು ಎಂದರೆ ಯಾವ ಹಸುವಿಗೂ ಸಲ್ಲದು, ಇದು ಅಸಂಭವ. ಗಂಗೆದೊಗಲುಳ್ಳದ್ದು ಎಂದರೆ ಮಾತ್ರ ಸರಿಹೊಂದುವುದು.

ಇದೆಲ್ಲ ಪಾಠಶಾಲೆಯ ಬಾಲಕರ ಕಸರತ್ತೆಂದು ನಗುವವರುಂಟು. ಅವರು ನಮ್ಮ ಕೊಡಗನ್ನೇ ಒಮ್ಮೆ ನೋಡಲಿ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ಅರಣ್ಯದ ಹೊದಿಕೆಯನ್ನು ಅಳೆಯಲು ಒಂದು ಲಕ್ಷಣವನ್ನು ಇಟ್ಟುಕೊಂಡಿದೆ. ಒಂದು ಹೆಕ್ಟೇರಿಗಿಂತ ಹೆಚ್ಚು ವಿಸ್ತಾರವಿರಬೇಕು. ಅದರಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ನೆಲವು ಮರಗಳ ನೆತ್ತಿಯಿಂದ ಮುಚ್ಚಿರಬೇಕು. ಒಡೆಯರಾರು, ಮರ ಯಾವುದು ಎಂಬ ವಿಚಾರವಿಲ್ಲ. ಹೀಗಾಗಿ ವಿರಾಜಪೇಟೆಯ ಸುತ್ತಲಿನ ಸಿಲ್ವರ್ ಓಕ್ ನೆರಳಿನ ಕಾಫಿ ತೋಟವೂ ಆ ಲೆಕ್ಕದಲ್ಲಿ ಅರಣ್ಯವೇ ಆಯಿತು. ಇದು ಅತಿವ್ಯಾಪ್ತಿ. ಗದ್ದೆಗಳ ನಡುವೆ ಅರ್ಧ ಎಕರೆಯಲ್ಲಿ ಒಂಟಿಯಾಗಿ ನಿಂತ ಪುರಾತನ ದೇವರಕಾಡು ಲೆಕ್ಕದಿಂದ ಹೊರಬಿದ್ದಿತು. ಇದು ಅವ್ಯಾಪ್ತಿ. ಒಂದೇ ಲಕ್ಷಣದಲ್ಲಿ ಎರಡು ದೋಷ! ಉಪಗ್ರಹದ ಚಿತ್ರವನ್ನಿಟ್ಟುಕೊಂಡು ಎಣಿಸುವವರಿಗೆ ಇದು ಅನುಕೂಲವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಎಣಿಕೆಯ ಅನುಕೂಲವನ್ನೇ ವಸ್ತುವಿನ ಸ್ವರೂಪವೆಂದು ಬಗೆಯುವಲ್ಲಿ ತೊಡಕು ಹುಟ್ಟುತ್ತದೆ.

ಕೊಡಗಿನಲ್ಲಿ 1,214 ದೇವರಕಾಡುಗಳು ಗಣನೆಗೆ ಬಂದಿವೆ. ಅಯ್ಯಪ್ಪನಿಗೆ ಮಣ್ಣಿನ ನಾಯಿಗಳನ್ನು ಹರಕೆಯಾಗಿ ಒಪ್ಪಿಸುವ ಗ್ರಾಮಸ್ಥನಿಗೆ ಅದು ದೇವರ ಸ್ವತ್ತು. ಕೊಡಲಿ ಹಾಕಬಾರದ ಸ್ಥಳ. 1905ರಲ್ಲಿ ಅವು ಕಂದಾಯ ಇಲಾಖೆಗೆ ಸೇರಿದವು. 1985ರಲ್ಲಿ ಅರಣ್ಯ ಇಲಾಖೆಗೆ ಮರಳಿದವು. ಈ 80 ವರ್ಷಗಳಲ್ಲಿ ಸುಮಾರು 15,500 ಎಕರೆಯಿದ್ದದ್ದು ಸುಮಾರು 6,300 ಎಕರೆಗೆ ಇಳಿಯಿತು. ಕೇವಲ ಒಂದು ಶಬ್ದ ಬದಲಾದದ್ದರಿಂದಲೇ ಇಷ್ಟಾಯಿತೆಂದರೆ ಅತಿಶಯೋಕ್ತಿಯಾದೀತು. ತೋಟದ ಆಸೆಯೂ ಇದ್ದಿತು. ಆದರೆ ದೇವರದೆಂದು ಕರೆಯುವಾಗ ಏಳದ ‘ಇದರಿಂದ ಹುಟ್ಟುವಳಿ ಎಷ್ಟು?’ ಎಂಬ ಪ್ರಶ್ನೆ, ಜಮೀನೆಂದು ಕರೆದೊಡನೆ ತಾನಾಗಿ ಏಳುತ್ತದೆ.

ಹಾಗಾದರೆ ಮಾನವನ ಬುದ್ಧಿಯು ಮಾತಿನ ಸೆರೆಯಾಳೇ? ಭಾಷೆಯ ಹೊರಗೆ ವಿಚಾರಕ್ಕೆ ದಾರಿಯೇ ಇಲ್ಲವೆಂಬ ಪಕ್ಷವನ್ನು ಹಿಡಿದ ಆಧುನಿಕರೂ ಇದ್ದಾರೆ. ನಮ್ಮ ಸಿದ್ಧಾಂತವು ಇದನ್ನು ಒಪ್ಪದು. ಸುಖ, ದುಃಖ, ಕಾಲ, ದಿಕ್ಕುಗಳನ್ನು ಸಾಕ್ಷಿಯು ನೇರವಾಗಿ ಗ್ರಹಿಸುತ್ತದೆಂದು ಶ್ರೀಮದಾಚಾರ್ಯರ ನಿರ್ಣಯ. ಮಾತು ಬಾರದ ಕೂಸಿಗೂ ಹಸಿವಿನ ಅರಿವುಂಟಷ್ಟೆ. ಆ ಅರಿವು ಇರುವುದರಿಂದಲೇ ಲಕ್ಷಣವು ಲಕ್ಷ್ಯಕ್ಕೆ ಹೊಂದುತ್ತದೆಯೇ ಇಲ್ಲವೇ ಎಂದು ಪರೀಕ್ಷಿಸಲು ಸಾಧ್ಯ. ಲಕ್ಷಣದಿಂದ ಮಾತ್ರ ಹಸುವನ್ನು ಬಲ್ಲವನು ಅವ್ಯಾಪ್ತಿಯನ್ನು ಹೇಗೆ ಕಂಡುಹಿಡಿದಾನು?

ಇನ್ನು ಇದಕ್ಕೆ ವಿರುದ್ಧವಾದ ಪಕ್ಷ: ಪರತತ್ತ್ವವು ಶಬ್ದಕ್ಕೆ ಸರ್ವಥಾ ಎಟುಕದು ಎಂಬುದು. ಈಕ್ಷತ್ಯಧಿಕರಣದಲ್ಲಿ ಆಚಾರ್ಯರು ಇದನ್ನು ನಿರಾಕರಿಸುತ್ತಾರೆ. ಶಬ್ದಕ್ಕೆ ವಿಷಯವೇ ಅಲ್ಲದುದನ್ನು ಶಾಸ್ತ್ರವು ವಿಚಾರಿಸುವುದೆಂತು? ‘ಅವಾಚ್ಯ’ವೆಂಬುದೂ ಒಂದು ಶಬ್ದವೇ ಅಲ್ಲವೆ? ಮಾತುಗಳು ತಲುಪದೆ ಹಿಂದಿರುಗುತ್ತವೆಂಬ ತೈತ್ತಿರೀಯ ಶ್ರುತಿಗೆ ಪೂರ್ಣವಾಗಿ ಹೇಳಲಾಗದು ಎಂದೇ ಅರ್ಥ. ಮೇರುಪರ್ವತವನ್ನು ಕಂಡವರೂ ಅದನ್ನು ಸಾಕಲ್ಯೇನ ಕಾಣಲಿಲ್ಲವೆಂಬ ದೃಷ್ಟಾಂತವನ್ನು ಅಲ್ಲಿ ಕೊಟ್ಟಿದೆ. ನಮ್ಮವರಿಗೆ ಮೇರುವು ದೂರವಾಯಿತೆಂದರೆ ತಡಿಯಂಡಮೋಳ್ ಇದೆ. ಎತ್ತರ 1,748 ಮೀಟರು. ಕಕ್ಕಬ್ಬೆಯ ಕಡೆಯಿಂದ ನೋಡಿದವನಿಗೆ ಆಚೆಯ ಮಗ್ಗುಲು ಕಾಣದು, ಈಚೆಯ ಅರ್ಧವನ್ನೂ ಮಂಜು ನುಂಗಿರುತ್ತದೆ. ಆದರೂ ಅವನು ಕಂಡದ್ದು ಆ ಬೆಟ್ಟವನ್ನೇ ಹೊರತು ಬೇರೊಂದನ್ನಲ್ಲ.

ಸರ್ವಶಬ್ದಗಳೂ ಶ್ರೀಹರಿಯನ್ನೇ ಪರಮಮುಖ್ಯವೃತ್ತಿಯಿಂದ ಹೇಳುವ ಬಗೆಯನ್ನು ಮುಂದಿನ ಸಂಚಿಕೆಯಲ್ಲಿ ವಿಚಾರಿಸುವೆವು.